ಕಾಕುವಿನ ಕೈಯಳತೆ

ಅಕ್ಕಲಕೋಟೆಯಲ್ಲಿ ನಾವು ಕಾಕು ಎನ್ನುತ್ತಿದ್ದ ಪಕ್ಕದ ಮನೆಯ ಚಿಕ್ಕಮ್ಮನ ಬಗ್ಗೆ ಓಣಿಯವರೆಲ್ಲ ಹೇಳುವ ಮಾತು ಒಂದೇ. ಮನೆದೇವರು ಮೈಲಾರಲಿಂಗ ಅವರಿಗೆ ಅಡಿಗೆಯ ಕೈಗುಣ ಕೊಟ್ಟಿದ್ದ, ಒಂದು ದಿನ ತಾನೇ ಕಸಿದುಕೊಂಡ. ಹೇಳಿದವರು ನಿಟ್ಟುಸಿರು ಬಿಡುತ್ತಾರೆ, ಕೇಳಿದವರು ತಲೆಯಾಡಿಸುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ದೇವರು ಕೊಟ್ಟನೋ ಇಲ್ಲವೋ ಎಂಬ ವಾದಕ್ಕೆ ಈಗ ಇಳಿಯುವುದಿಲ್ಲ. ಆ ವಾದವನ್ನು ಕಾಲೇಜಿನಲ್ಲಿ ಬೇಕಾದಷ್ಟು ಮಾಡಿ ಬಹುಮಾನ ತೆಗೆದುಕೊಂಡಿದ್ದೇನೆ. ಆದರೆ ಕಸಿದುಕೊಂಡವರು ಯಾರೆಂಬುದಕ್ಕೆ ನನ್ನ ಬಳಿ ಸಾಕ್ಷಿ ಇದೆ. ಆರು ವರ್ಷ ಅದನ್ನು ಯಾರ ಮುಂದೆಯೂ ಇಟ್ಟಿರಲಿಲ್ಲ.

ಹೋದ ವಾರ ಸೊಲ್ಲಾಪುರದ ನನ್ನ ಬಾಡಿಗೆ ಕೋಣೆಯ ಕೆಳಗೆ ಯಾರೋ ಕೆಂಡದ ಮೇಲೆ ಬದನೆಕಾಯಿ ಸುಡುತ್ತಿದ್ದರು. ಸಿಪ್ಪೆ ಕರಕಾಗಿ ಬಿರಿಯುವಾಗಿನ ಆ ವಾಸನೆ ಮೆಟ್ಟಿಲು ಹತ್ತಿ ಬಂತು. ಸಾಲೆಯ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದವಳು ಎದ್ದು ಕಿಟಕಿ ಮುಚ್ಚಿದೆ. ಮುಚ್ಚಿದ ಮೇಲೂ ಅದು ಕೋಣೆಯಲ್ಲೇ ಇತ್ತು...

ಕಾಕುವಿನದು ಬಟ್ಟೆ ವ್ಯಾಪಾರದ ಮನೆ. ರೊಟ್ಟಿ ಬಡಿಯಲು ಹೆಣ್ಣಾಳು ಬರುತ್ತಿದ್ದಳು. ಕಾಕು ಅಡಿಗೆಮನೆಗೆ ಹೋಗಲೇಬೇಕೆಂಬ ಕಟ್ಟಳೆ ಇರಲಿಲ್ಲ. ಆದರೂ ಹೋಗುತ್ತಿದ್ದರು, ಮಕ್ಕಳು ಆಟಕ್ಕೆ ಹೋಗುವಂತೆ. ಮಧ್ಯಾಹ್ನ ಮನೆಯವರೆಲ್ಲ ಅಡ್ಡಾದಾಗ ಪಡಸಾಲೆಯಲ್ಲಿ ಹಳೆ ಸೀರೆ ಹಾಸಿ, ಅಂಗಡಿಯ ತುಂಡು ಬಟ್ಟೆ ಜೋಡಿಸಿ ಕೌದಿ ಹೊಲಿಯುತ್ತಿದ್ದರು. ಪಕ್ಕದಲ್ಲಿ ಹುರಿದ ಶೇಂಗಾ ಆರುತ್ತಿತ್ತು. ನಾಲ್ಕು ಸಾಲು ಹೊಲಿಗೆ, ನಡುವೆ ಎದ್ದು ಒಳ್ಳಿನಲ್ಲಿ ಶೇಂಗಾ ಚಟ್ನಿ, ನಮ್ಮ ಮಾತಿನ ಹಿಂಡಿ, ಕುಟ್ಟುವುದು, ಮತ್ತೆ ಸೂಜಿ. ಕುಟ್ಟುವಾಗ ಕಿವಿಯನ್ನು ಒಳ್ಳಿನ ಕಡೆ ಬಾಗಿಸುತ್ತಿದ್ದರು. ಎಣ್ಣೆ ಬಿಟ್ಟು ಸದ್ದು ಮೆತ್ತಗಾದ ಕ್ಷಣಕ್ಕೆ ಕೈ ನಿಲ್ಲುತ್ತಿತ್ತು. ಇದನ್ನು ನಾನು ಎಷ್ಟು ಸಲ ನೋಡಿದ್ದೇನೋ. ನೋಡಿಯೂ ಏನನ್ನೂ ತಿಳಿದುಕೊಳ್ಳಲಿಲ್ಲ.

ಆ ಮನೆಯಲ್ಲಿ ದೇವರಿಗೆ ಎಡೆ ತೋರಿಸದೆ ಅಡಿಗೆಯ ರುಚಿ ನೋಡುವಂತಿರಲಿಲ್ಲ. ಎಡೆಯಾದ ಮೇಲೆ ಗಂಡಸರು, ಮಕ್ಕಳು, ಮುದುಕರು ಉಣ್ಣುತ್ತಿದ್ದರು. ಕಾಕು ಅಡಿಗೆಮನೆಯ ಬಾಗಿಲಿಗೆ ಒರಗಿ ಒಬ್ಬೊಬ್ಬರ ಮುಖ ನೋಡುತ್ತ ನಿಲ್ಲುತ್ತಿದ್ದರು. ಎಲ್ಲರದೂ ಮುಗಿದ ಮೇಲೆ ಒಬ್ಬರೇ ಕೂತು ಉಣ್ಣುವುದು. ರುಚಿ ನೋಡದೆಯೂ ಒಂದು ದಿನ ಉಪ್ಪು ಹೆಚ್ಚಲಿಲ್ಲ, ಕಡಿಮೆಯಾಗಲಿಲ್ಲ. ಅದಕ್ಕೇ ಕೈಗುಣದ ಮಾತು.

ನಾನು ಆಗ ಸೊಲ್ಲಾಪುರದ ಕಾಲೇಜಿನಲ್ಲಿದ್ದೆ. ಪ್ರಾಂತಗಳನ್ನು ಭಾಷೆಯ ಮೇಲೆ ಹಂಚಬೇಕೋ ಬೇಡವೋ ಎಂದು ಚಹಾದಂಗಡಿಯಲ್ಲೂ ವಾದ ನಡೆಯುತ್ತಿದ್ದ ಕಾಲ. ರಜೆಗೆ ಬಂದರೆ ನನ್ನ ವಾದಕ್ಕೆ ಸಿಗುತ್ತಿದ್ದವರು ಕಾಕು. ನನ್ನನ್ನು ವಕೀಲಬಾಯಿ ಎಂದೇ ಕರೆಯುತ್ತಿದ್ದರು.

“ರುಚಿ ನೋಡಲಾರದ ಉಪ್ಪು ಹೆಂಗ ಗೊತ್ತಾಗತೈತ್ರಿ ಕಾಕೂ?”

“ಕೈಗೆ ಗೊತ್ತಿರತೈತಿ.”

“ಕೈಗೇನು ನಾಲಿಗಿ ಐತೇನ್ರಿ?”

“ನಿನ್ನ ನಾಲಿಗಿಗೆ ಕೈಕಾಲು ಅದಾವಲ್ಲ ವಕೀಲಬಾಯಿ, ಹಂಗ ಇದೂ.”

ಸೋತಿದ್ದೆ. ಸೋಲುವುದು ನನಗೆ ಅಭ್ಯಾಸವಿರಲಿಲ್ಲ. ಕಾಕು ಕದ್ದು ರುಚಿ ನೋಡುತ್ತಾರೆ ಎಂದು ನನ್ನ ಅನುಮಾನ. ಮೈಲಾರಲಿಂಗನ ಹಬ್ಬವಾದ ಛಟ್ಟಿಯ ದಿನ ಅದನ್ನು ಸಾಧಿಸಿ ತೋರಿಸಲು ನಿರ್ಧರಿಸಿದೆ.

ಚಾತುರ್ಮಾಸವೆಂದು ನಾಲ್ಕು ತಿಂಗಳು ಬದನೆಕಾಯಿ, ಉಳ್ಳಾಗಡ್ಡಿ ಮುಟ್ಟದವರು ಛಟ್ಟಿಗೆ ಮೈಲಾರಲಿಂಗನಿಗೆ ಕೆಂಡದಲ್ಲಿ ಸುಟ್ಟ ಬದನೆಕಾಯಿಯ ಭರ್ತ, ಸಜ್ಜೆ ರೊಟ್ಟಿ ಎಡೆ ಮಾಡಿ ಆಮೇಲೆ ತಿನ್ನುತ್ತಾರೆ. ಆ ದಿನ ಅರ್ಧ ಓಣಿ ಅವರ ಮನೆಯಲ್ಲೇ. ಕಾಕು ಭರ್ತಕ್ಕೆ ಅಂಗೈಯಲ್ಲಿ ಅಳೆದು ಉಪ್ಪು ಹಾಕಿ ಕಲಸಿದರು. ಉಳ್ಳಾಗಡ್ಡಿಯ ಹಸಿರು ತಪ್ಪಲ ತರಲು ಹಿತ್ತಲಿಗೆ ಹೋದರು. ನಾನು ಭರಣಿಗೆ ಕೈ ಹಾಕಿ ಎರಡು ಮುಷ್ಟಿ ಉಪ್ಪು ಸುರಿದು ಕಲಸಿಬಿಟ್ಟೆ. ನನ್ನ ತರ್ಕ ಸರಳವಾಗಿತ್ತು. ಕದ್ದು ರುಚಿ ನೋಡುವವರಾದರೆ ಸರಿಮಾಡುತ್ತಾರೆ, ಆಗ ಅವರ ಕಳ್ಳತನ ಸಿಕ್ಕಿತು. ಇಲ್ಲವಾದರೆ ಕೈಗುಣವೂ ಇಲ್ಲ, ಅದನ್ನು ಕೊಡುವ ದೇವರೂ ಇಲ್ಲ. ಎರಡರಲ್ಲಿ ಯಾವುದಾದರೂ ನಾನೇ ಗೆಲ್ಲುವವಳು. ಮೂರನೆಯದೊಂದು ಇರಬಹುದೆಂದು ಹೊಳೆಯಲಿಲ್ಲ.

ಎಡೆಯಾಯಿತು. ಹಣೆಗೆಲ್ಲ ಅರಿಸಿನದ ಭಂಡಾರ ಹಚ್ಚಿಕೊಂಡು ಪಂಕ್ತಿ ಕೂತಿತು. ಮೊದಲ ತುತ್ತಿಗೆ ಮುಖಗಳು ಕಿವುಚಿಕೊಂಡವು. ಆದರೂ ನುಂಗಿದರು; ದೇವರ ಪ್ರಸಾದವನ್ನು ಉಗುಳುವುದು ಹೇಗೆ? ಬಾಗಿಲಲ್ಲಿ ನಿಂತ ಕಾಕು ಒಂದು ಮುಖದಿಂದ ಇನ್ನೊಂದಕ್ಕೆ ನೋಡುತ್ತಿದ್ದರು. ಅವರ ಅತ್ತೆ ತಾಟು ಮುಂದೆ ತಳ್ಳಿದರು.

“ನೀನ ಒಂದು ತುತ್ತು ತಿಂದು ನೋಡು.”

ಕಾಕು ಕೂತು ತುತ್ತು ಮುರಿದು ಬಾಯಿಗಿಟ್ಟುಕೊಂಡರು. ನಿಧಾನ ಅಗಿದು ನುಂಗಿದರು.

“ಯಾಕ್ರಿ ಅತ್ತಿ... ಬರೋಬರಿ ಐತಲ್ರಿ.”

ಕಾಕುವಿನ ನೆಗೆಣ್ಣಿ, ಮೈದುನನ ಹೆಂಡತಿ, ನಾವೆಲ್ಲ ಸಣ್ಣ ಕಾಕು ಎನ್ನುವವರು, ಮೆಲ್ಲಗೆ “ಅಕ್ಕಾ, ಉಪ್ಪು...” ಎಂದರು. ಕಾಕುವಿನ ಕೈ ತಾಟಿನ ಮೇಲೆ ಹಾಗೆಯೇ ಇತ್ತು.

“ಎಷ್ಟು ದಿನದಿಂದ ಹಿಂಗ?” ಅತ್ತೆ ಕೇಳಿದರು.

ನಾನಾದರೂ ಎದ್ದು ಹೇಳಬಹುದಿತ್ತು. ಸಭೆಯಲ್ಲಿ ಎದ್ದು ನಿಲ್ಲುವುದೇ ನನ್ನ ಕಸುಬು. ಆ ದಿನ ನೆಲಕ್ಕೆ ಅಂಟಿಕೊಂಡು ಕೂತೆ.

ಅಲ್ಲಿಂದ ಅಡಿಗೆ ಸಣ್ಣ ಕಾಕುವಿನ ಪಾಲಿಗೆ ಹೋಯಿತು. ಯಾರೂ ಜಗಳ ಮಾಡಲಿಲ್ಲ, ಬೈಯಲಿಲ್ಲ. “ನೀವು ಕೂಡ್ರಿ ಅಕ್ಕಾ, ನಾ ಮಾಡ್ತೀನಿ” ಎಂಬ ಮಾತಷ್ಟೇ, ದಿನಕ್ಕೆ ನಾಲ್ಕು ಸಲ. ಕೈಗುಣ ಹೋಯಿತೆಂಬ ಮಾತು ಓಣಿ ತಿರುಗಿತು.

ಮುಂದಿನ ರಜೆಯಲ್ಲಿ ಬಂದಾಗ ಕಾಕು ಪಡಸಾಲೆಯಲ್ಲಿ ಕೌದಿ ಹೊಲಿಯುತ್ತಿದ್ದರು. ಒಳ್ಳು ಗೋಡೆಗೆ ಒರಗಿತ್ತು. ನಾನು ಸೂಜಿಗೆ ದಾರ ಪೋಣಿಸಿ ಕೊಡುತ್ತ ಕೂತೆ. ಕೇಳದೆಯೇ ಹೇಳಿದರು.

“ಇಪ್ಪತ್ತೊಂದು ದಿನದ ಮುದ್ದತ್ತಿನ ಜ್ವರ ಬಂದಿತ್ತಲ್ಲ, ನೀ ಸಣ್ಣಾಕಿ ಆಗ. ಜ್ವರ ಹೋತು, ಬಾಯಿ ರುಚಿನೂ ತಗೊಂಡು ಹೋತು. ಉಪ್ಪು ಇಲ್ಲ, ಹುಳಿ ಇಲ್ಲ. ಬೂದಿ ತಿಂದ್ಹಂಗ.”

“ಮತ್ತ ಇಷ್ಟು ವರ್ಷ ಹೆಂಗ ಮಾಡಿದ್ರಿ?”

“ಕೈಗೆ ಅಳತಿ ಇತ್ತು, ಕಿವಿ ಇದ್ವು. ಉಣ್ಣೋರ ಮಾರಿ ನೋಡಿದ್ರ ನನಗೂ ರುಚಿ ಹತ್ತತಿತ್ತವ್ವಾ. ನಿಮ್ಮಪ್ಪ ಹಿಂಡಿ ತಿಂದು ಕಣ್ಣು ಮುಚ್ಚತಿದ್ದ ನೋಡು... ಅದ ನನ್ನ ಊಟ.”

ಸೂಜಿ ಎರಡು ಸಲ ಒಳಹೊಕ್ಕು ಹೊರಬಂತು. ಆಮೇಲೆ, ಕಣ್ಣು ಬಟ್ಟೆಯ ಮೇಲಿಟ್ಟೇ, “ಅವತ್ತು ನನ್ನ ಕೈ ತಪ್ಪಿದ್ದಿಲ್ಲ” ಎಂದರು.

ಸೂಜಿ ನಿಂತಿತು. ಎಷ್ಟು ಹೊತ್ತು ನಿಂತಿತ್ತೋ... ನಾನು ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡುತ್ತ ಕೂತಿದ್ದೆ. ಒಂದೇ ವಾಕ್ಯ ಸಾಕಾಗಿತ್ತು. ಎದುರಾಳಿಯ ಬಾಯಿ ಮುಚ್ಚಿಸುವ ನೂರು ವಾಕ್ಯ ಕಲಿತವಳಿಗೆ ಅದೊಂದು ಹೊರಡಲಿಲ್ಲ. ಕಾಕು ಮತ್ತೆ ಹೊಲಿಯತೊಡಗಿದರು.

ಆ ಬೇಸಿಗೆಯಲ್ಲೇ ಅವರು ತೀರಿಕೊಂಡರು. ಒಂದರ ಹಿಂದೆ ಇನ್ನೊಂದು ಬಂದ ಮಾತ್ರಕ್ಕೆ ಮೊದಲಿನದು ಕಾರಣವಾಗುವುದಿಲ್ಲ. ಇದು ತರ್ಕದ ಮೊದಲ ಪಾಠ, ಮಕ್ಕಳಿಗೆ ನಾನೇ ಹೇಳಿಕೊಡುತ್ತೇನೆ. ಉಪ್ಪಿನಿಂದ ಕಾಕು ಸತ್ತರೆಂದು ನಾನು ಹೇಳುವುದಿಲ್ಲ. ಆದರೆ ಇದ್ದ ಕೊನೆಯ ತಿಂಗಳುಗಳಲ್ಲಿ ಅವರು ಹಸಿದಿದ್ದರು. ಅದನ್ನು ಯಾವ ಪಾಠದಿಂದಲೂ ತಳ್ಳಿಹಾಕಲು ಬರುತ್ತಿಲ್ಲ. ಈಗಲೂ ಪಂಕ್ತಿಯಲ್ಲಿ ಕೂತರೆ ಬಾಗಿಲ ಕಡೆ ಕಣ್ಣು ಹೋಗುತ್ತದೆ. ಅಲ್ಲಿ ಯಾರೂ ಇಲ್ಲವೆಂದು ಗೊತ್ತು. ಆದರೂ ನನ್ನ ಮುಖವನ್ನು ಯಾರೋ ಓದುತ್ತಿದ್ದಾರೆ ಅನ್ನಿಸುತ್ತದೆ.

ಈ ಭಾನುವಾರ ಬಸ್ಸು ಹತ್ತಿ ಅಕ್ಕಲಕೋಟೆಗೆ ಹೋದೆ. ಸಣ್ಣ ಕಾಕು ಕಟ್ಟೆಯ ಮೇಲೆ ಮೊರ ಹಿಡಿದು ಜೋಳದಲ್ಲಿನ ಹರಳು ಆರಿಸುತ್ತಿದ್ದರು.

“ಏನ ಸಾಲಿ ಬಾಯಾರ, ದಾರಿ ತಪ್ಪಿ ಬಂದ್ರೇನ?” ಎಂದು ನಕ್ಕು, ಒಳಗಿದ್ದ ಹೊಸ ಸೊಸೆಗೆ ನನ್ನ ಪರಿಚಯ ಹೇಳಿದರು: “ನಮ್ಮ ಅಕ್ಕನ ಕೂಡ ದಿನಾ ವಾದ ಹಾಕತಿದ್ದಾಕಿ ಈಕಿನ. ಅಕ್ಕನ ಕೈಗುಣ ದೇವರು ಕಸಗೊಂಡ ಅಂತ ಹೇಳಿದ್ನಲ್ಲ...”

“ದೇವರಲ್ರಿ. ಆ ಉಪ್ಪು ನಾ ಹಾಕಿದ್ದೆ.”

ಸೊಸೆ ಬಾಗಿಲಿಗೆ ಬಂದು ನಿಂತಳು. ಸಣ್ಣ ಕಾಕು ಬೆಚ್ಚಲಿಲ್ಲ. ಹರಳು ಆರಿಸುವ ಬೆರಳುಗಳು ಒಂದು ಗಳಿಗೆಯೂ ನಿಲ್ಲಲಿಲ್ಲ. ನನಗೆ ಅರ್ಥವಾಯಿತು, ಇದು ಅವರಿಗೆ ಹೊಸ ಸುದ್ದಿಯಲ್ಲ. ಆ ದಿನ ಅವರೇ ನನ್ನನ್ನು ಕಂಡಿದ್ದರೆ, ಬಾಯಿ ಮುಚ್ಚಿಕೊಂಡವರು ಇಬ್ಬರಾಗುತ್ತೇವೆ. ಕಾಕುವೇ ಹೇಳಿದ್ದರೆ, ಉಪ್ಪು ಹಾಕಿದ್ದು ನಾನೆಂದು ಅವರಿಗೆ ಗೊತ್ತಿತ್ತು... ಸೂಜಿ ನಿಲ್ಲಿಸಿ ಅವರು ಕಾದದ್ದು ನನ್ನ ಮಾತಿಗಾಗಿಯೇ.

ಕಟ್ಟೆಯ ಕೆಳಗೆ ನಿಂತೇ ಕೇಳಿದೆ.

“ಸಣ್ಣ ಕಾಕೂ, ನೀವು ಕಣ್ಣಾರೆ ನೋಡಿದ್ರೋ, ಖುದ್ದ ಕಾಕು ನಿಮಗ ಹೇಳಿದ್ರೋ?”