ಮುಳ್ಳಿಗೆ ಕೈ ಹಚ್ಚಬೇಡಿ: ತಿಕೋಟಾ ಸುತ್ತಿ ಬಬಲೇಶ್ವರಕ್ಕೆ

ಶನಿವಾರ ಬೆಳಿಗ್ಗೆ ವಿಜಯಪುರದ ಅಥಣಿ ರಸ್ತೆಯ ನಮ್ಮ ಮನೆಯಿಂದ ಸೈಕಲ್ ಏರಿ ಹೊರಟಾಗಲೇ ನನ್ನ ತಲೆ ಕಾದಿತ್ತು. ನಮ್ಮ ಮನೆಯವರು ಗೇಟಿನಲ್ಲಿ ನಿಂತು, "ಬಸ್ಸಿನ ಮ್ಯಾಲ ಹಾಕ್ಕೊಂಡ ಹೋಗಬಾರದೇನ? ಐವತ್ತರ ವಯಸ್ಸಿನ್ಯಾಗ ಇದೇನ ಹುಚ್ಚಾಟ?" ಎಂದರು. ಬಸ್ಸಿನ ಮೇಲೆ ಒಯ್ದರೆ ನನ್ನ ತಮ್ಮನಿಗೆ ಏನು ತೋರಿಸಿದಂತಾಯಿತು? ಈ ಸೈಕಲ್ ಮುಳ್ಳಿನ ದಾರಿಯಲ್ಲಿ ಓಡಿದರೂ ನಿಲ್ಲುವುದಿಲ್ಲ ಎಂದು ಅವನು ಕಣ್ಣಾರೆ ನೋಡಬೇಕಿತ್ತು. ಅದಕ್ಕೇ ನೇರ ದಾರಿ ಬಿಟ್ಟು ತಿಕೋಟಾ ಸುತ್ತಿ ಬಬಲೇಶ್ವರಕ್ಕೆ ಹೋಗುತ್ತೇನೆಂದು ಹಟ ಹಿಡಿದಿದ್ದೆ.

ತಮ್ಮ ಮಲ್ಲಪ್ಪ ಬಬಲೇಶ್ವರದಲ್ಲಿ ದ್ರಾಕ್ಷಿ ಬೆಳೆಯುತ್ತಾನೆ. ಅವನ ಮಗಳು ರೇಣುಕಾಗೆ ಸೈಕಲ್ ರೇಸಿನ ಹುಚ್ಚು. ಮರುದಿನ ಭಾನುವಾರ ವಿಜಯಪುರದಲ್ಲಿ ಕ್ರೀಡಾ ಹಾಸ್ಟೆಲಿಗೆ ಆಯ್ಕೆ ಇತ್ತು. ಆದರೆ ಹಿಂದಿನ ತಿಂಗಳು ಎರಡು ಸಲ ಪಂಚರ್ ಆಗಿ ಹುಡುಗಿ ದಾರಿಯಲ್ಲಿ ಒಬ್ಬಳೇ ನಿಂತಳೆಂದು ಮಲ್ಲಪ್ಪ ಷರತ್ತು ಹಾಕಿದ: "ಪಂಚರ್ ನಿಲ್ಲೂದಾದ್ರ ಹೋಗಲಿ. ಇಲ್ಲಂದ್ರ ಸೈಕಲ್ ಮಾರ್ತೀನಿ." ರೇಣು ಅಳುತ್ತ ಸೈಕಲನ್ನು ನನ್ನ ಮನೆಗೆ ತಂದಿಟ್ಟು ಹೋದಳು. ಟ್ಯೂಬೇ ಇರದಿದ್ದರೆ ಮುಳ್ಳು ಚುಚ್ಚುವುದಾದರೂ ಯಾವುದಕ್ಕೆ ಎಂದು ನಾನು ಟ್ಯೂಬ್‌ಲೆಸ್ ಟೈರಿನ ಹಿಂದೆ ಬಿದ್ದೆ.

ಗಾಂಧಿ ಚೌಕದ ಅಂಗಡಿಯವನು ಸಾಮಾನು ಮಾರಿದ, ರೊಕ್ಕ ಎಣಿಸಿಕೊಂಡ, ಆಮೇಲೆ ಹೇಳಿದ: "ನಮ್ಮ ಕಡಿ ಇವು ನಡ್ಯಾಂಗಿಲ್ರಿ ಅಕ್ಕಾರ, ಟ್ಯೂಬ್ ಹಾಕ್ಸಿಬಿಡ್ರಿ." ಮೊದಲೇ ಹೇಳಲು ಬಾಯಿಗೆ ಏನಾಗಿತ್ತೋ! ಕೂಡಿಸಿ ಕೊಡಲೂ ಒಲ್ಲೆನೆಂದ. ಮನೆಯಲ್ಲೇ ಕೂತೆ. ರಿಮ್ಮಿನ ತೂತುಗಳ ಮೇಲೆ ಟೇಪು ಎಳೆದು ಸುತ್ತಿದೆ, ವಾಲ್ವ್ ಕೂಡಿಸಿದೆ, ಟೈರಿನ ಅಂಚಿಗೆ ಸಾಬೂನಿನ ನೊರೆ ಹಚ್ಚಿ ಪಂಪು ಹೊಡೆದೆ. ಹೊಡೆದ ಗಾಳಿಯೆಲ್ಲ ಅಂಚಿನಿಂದಲೇ ಹೊರಗೆ! ರಟ್ಟೆ ಬಿದ್ದುಹೋದವು. ನಮ್ಮ ಮನೆಯವರು ಚಹಾ ಕುಡಿಯುತ್ತ, "ನಾ ಹೇಳಿದ್ದೆ" ಎಂದರು. ಆ ಮಾತೊಂದು ಇವರ ಬಾಯಲ್ಲಿ ಸದಾ ತಯಾರು.

ಕಡೆಗೆ ಉಪಾಯ ಹೊಳೆದದ್ದು ನಮ್ಮೂರ ಬಿಸಿಲಿನಿಂದಲೇ. ಟೈರನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಕಾಯಿಸಿದೆ. ಮೆತ್ತಗಾದದ್ದನ್ನು ತಂದು, ವಾಲ್ವಿನ ಒಳಗಿನ ಕಡ್ಡಿ ಬಿಚ್ಚಿ, ಉಸಿರು ಬಿಡದೆ ಪಂಪು ಹೊಡೆದೆ. ಠಪ್, ಠಪ್ ಎಂದು ಅಂಚು ರಿಮ್ಮಿಗೆ ಕೂತುಕೊಂಡಿತು. ಟೈರಿನ ಜೊತೆ ಕೊಂಡಿದ್ದ ಹಾಲಿನಂಥ ದ್ರವವನ್ನು ವಾಲ್ವಿನ ಮೂಲಕ ಒಳಗೆ ಸುರಿದು, ಕಡ್ಡಿ ಮತ್ತೆ ಹಾಕಿ, ಗಾಳಿ ತುಂಬಿ ಗಾಲಿ ತಿರುಗಿಸಿದೆ. ತೂತು ಬಿದ್ದಲ್ಲಿ ಈ ದ್ರವವೇ ಹೋಗಿ ಗಟ್ಟಿಯಾಗಿ ಮುಚ್ಚುತ್ತದೆ. ಮಾಡಿದ್ದನ್ನೆಲ್ಲ ಫೋನಿನಲ್ಲಿ ರೇಣುಗೆ ತೋರಿಸುತ್ತಲೇ ಮಾಡಿದ್ದೆ.

ತಿಕೋಟಾಕ್ಕೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಎದುರುಗಾಳಿ, ಮೈಮೇಲೆ ದೂಳು. ಲಾರಿಯೊಂದು ಹಾರ್ನು ಹೊಡೆದು ನನ್ನನ್ನು ರಸ್ತೆಯಿಂದ ಕೆಳಗಿಳಿಸಿತು. ಅಲ್ಲಿ ಯಾರೋ ಜಾಲಿ ಕಂಟಿ ಕಡಿದು ಬಿಟ್ಟಿದ್ದರು. ಮುಂದಿನ ಗಾಲಿಯ ತುಂಬ ಮುಳ್ಳು ನಟ್ಟವು. ಆದರೂ ಗಾಳಿ ಇಳಿಯಲಿಲ್ಲ! ನಟ್ಟ ಮುಳ್ಳೇ ತನ್ನ ತೂತಿಗೆ ಬಿರಡೆಯಾಗಿ ಕೂತಿತ್ತು. ಖುಷಿಯಿಂದ ತಿಕೋಟಾದಲ್ಲಿ ಸೈಕಲ್ ನಿಲ್ಲಿಸಿ ಬಿಸಿ ಮಿರ್ಚಿ ಭಜಿ ತಿನ್ನಲು ಹೋಟೆಲಿನ ಒಳಗೆ ಹೋದೆ.

ತಿಂದು ಹೊರಬಂದು ನೋಡಿದರೆ ಮುಂದಿನ ಗಾಲಿ ಚಪ್ಪಟೆ. ಪಕ್ಕದಲ್ಲಿ ರುಮಾಲು ಸುತ್ತಿದ ಮುದುಕರೊಬ್ಬರು ಕುಕ್ಕರಗಾಲಿನಲ್ಲಿ ಕೂತಿದ್ದರು. ಕೈಯಲ್ಲಿ ಚಿಮಟ. ನಮ್ಮ ಕಡೆ ಹೊಲಕ್ಕೆ ಹೋಗುವವರು ಕಾಲಿಗೆ ನಟ್ಟ ಮುಳ್ಳು ಕೀಳಲು ಉಡದಾರಕ್ಕೆ ಕಟ್ಟಿಕೊಂಡಿರುತ್ತಾರಲ್ಲ, ಅದೇ. ಕಿತ್ತ ಮುಳ್ಳುಗಳನ್ನು ಕಲ್ಲಿನ ಮೇಲೆ ಸಾಲಾಗಿ ಇಟ್ಟಿದ್ದರು.

"ತಂಗೀ, ನೋಡಿಲ್ಲೆ, ಎಲ್ಲಾ ತಗದೀನಿ. ಒಂದೂ ಬಿಟ್ಟಿಲ್ಲ."

"ಯಾರ ಹೇಳಿದ್ರ ಕಾಕಾ ನಿಮಗ, ಕೀಳ್ರಿ ಅಂತ?" ಎಂದು ಚೀರಿದೆ.

"ಮುಳ್ಳ ಕೀಳಾಕ ಯಾರರೆ ಹೇಳಬೇಕೇನ? ಕಣ್ಣಿಗೆ ಕಂಡಿದ್ದ ಬಿಟ್ಟ ಹೋಗಾಕ ಬರತೈತೇನ?"

ಮೈಯೆಲ್ಲ ಉರಿದುಹೋಯಿತು. ಅಪಕಾರ ಮಾಡಿದವನನ್ನು ಬಯ್ಯಬಹುದು, ಉಪಕಾರ ಮಾಡಿದವರನ್ನು ಏನು ಮಾಡುವುದು? ನಿಂತ ಗಾಲಿಯಲ್ಲಿ ದ್ರವ ತಳಕ್ಕೆ ಇಳಿದಿರುತ್ತದೆ. ಇವರು ಮೇಲಿನ ಮುಳ್ಳನ್ನೂ ಕಿತ್ತಿದ್ದರು. ಕಿತ್ತ ಕೂಡಲೇ ಗಾಲಿ ತಿರುಗಿಸಿದ್ದರೆ ದ್ರವ ಅಲ್ಲಿಗೂ ಹೋಗಿ ಮುಚ್ಚುತ್ತಿತ್ತು. ಇದನ್ನೇ ಗಟ್ಟಿ ದನಿಯಲ್ಲಿ ಹೇಳಿದೆ. ಸೇರಿದ ಮಂದಿಯಲ್ಲಿ ಒಬ್ಬ, "ಟ್ಯೂಬ್ ಹಾಕ್ಸಬೇಕಿತ್ರಿ" ಎಂದ. ಅವನ ಕಡೆ ನೋಡಿದ ನೋಟಕ್ಕೆ ಅವನು ಜಾಗ ಬಿಟ್ಟ.

ಪುಣ್ಯಕ್ಕೆ ಅಂಚು ರಿಮ್ಮಿನಿಂದ ಬಿಟ್ಟಿರಲಿಲ್ಲ. ದೊಡ್ಡ ತೂತೊಂದಕ್ಕೆ ರಬ್ಬರಿನ ಎಳೆ ತುರುಕಿದೆ. ನಾನು ಪಂಪು ಹೊಡೆದಂತೆ ಕಾಕಾ ಗಾಲಿ ತಿರುಗಿಸಿದರು. ಬುಸುಗುಟ್ಟುತ್ತಿದ್ದದ್ದು ಒಂದೊಂದಾಗಿ ನಿಂತಿತು. "ಅಬಾಬಾ, ತಾನ ಮಾಯತೈತಲ್ಲ ಇದು!" ಎಂದರು. ಆಮೇಲೆ ಚಹಾ ತರಿಸಿದರು, ನನಗೆ ರೊಕ್ಕ ಕೊಡಗೊಡಲಿಲ್ಲ. ಸಿಟ್ಟಿನಲ್ಲೇ ಕುಡಿದೆ.

ಬಬಲೇಶ್ವರಕ್ಕೆ ಇನ್ನೂ ಇಪ್ಪತ್ತು ಕಿಲೋಮೀಟರಿನ ಮೇಲಿತ್ತು. ದಾರಿಯುದ್ದಕ್ಕೂ ದ್ರಾಕ್ಷಿ ತೋಟ, ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ, ಹಸಿರು ಬಲೆ ಇಳಿಬಿಟ್ಟ ಶೆಡ್ಡು. ಬೈಕಿನ ಮೇಲೆ ಬಂದ ಇಬ್ಬರು, "ಅಜ್ಜಿ ರೇಸಿಗೆ ಹೊಂಟಾಳ್ರಲೇ!" ಎಂದು ಕೂಗಿದರು. "ಲೇ, ನಿಮ್ಮವ್ವಗೂ ಒಂದ ಸೈಕಲ್ ಕೊಡಸ್ರಿ, ಕೂಡೇ ಹೋಗ್ತೀವಿ!" ಎಂದೆ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ತಮ್ಮನ ಅಂಗಳ ಮುಟ್ಟಿದೆ. ಮುಂದಿನ ಗಾಲಿಗೆ ದಾರಿಯಲ್ಲಿ ಇನ್ನೊಂದು ಮುಳ್ಳು ನಟ್ಟಿತ್ತು. ತೋರಿಸಬೇಕೆಂದೇ ಅದನ್ನು ಬಿಟ್ಟಿದ್ದೆ.

ಮಲ್ಲಪ್ಪ ಮೊದಲು ನನ್ನನ್ನು ನೋಡಲಿಲ್ಲ, ಗಾಲಿ ನೋಡಿದ. "ಮುಳ್ಳ ನಟ್ಟೈತಲ್ಲ" ಎಂದವನೇ ಕೀಲಿಗೊಂಚಲಿನ ಚಿಮಟ ತೆಗೆದು ಕಿತ್ತೇಬಿಟ್ಟ. ಬಿಳಿ ದ್ರವ ಚಿರ್ರೆಂದು ಅವನ ಇಸ್ತ್ರಿ ಅಂಗಿಯ ಮೇಲೆ ಹಾರಿತು. ನಾನು ಬಾಯಿ ತೆರೆಯುವ ಮೊದಲೇ ರೇಣು ಓಡಿಬಂದು ಸೈಕಲಿನ ಮುಂದಿನ ಭಾಗ ಎತ್ತಿ ಗಾಲಿ ತಿರುಗಿಸಿದಳು. ಮತ್ತೆ ತಿರುಗಿಸಿದಳು, ತೂತು ಕೆಳಗೆ ಬರುವಂತೆ ಹಿಡಿದಳು. ಸದ್ದು ನಿಂತಿತು. ಮಲ್ಲಪ್ಪ ಹೆಬ್ಬೆರಳಿನಿಂದ ಟೈರು ಒತ್ತಿ ನೋಡಿದ. ಗಟ್ಟಿಯಾಗಿತ್ತು.

"ನಿಂತಿತಲ್ಲ ಪಂಚರ್? ನಾಳೆ ಕಳಸ್ತೀಯಲ್ಲ?" ಎಂದೆ.

ಅವನು ಅಂಗಿ ಒರೆಸಿಕೊಳ್ಳುತ್ತ ನಿಂತ. "ಅದು ಖರೆ ಅಕ್ಕಾ. ಆದ್ರ ಹಾಸ್ಟೆಲ್ ಅಂದ್ರ... ಹುಡುಗಿ ಮನಿ ಬಿಟ್ಟ ಇರೂದು..."

"ಹಂಗಾರ ಪಂಚರ್ ನಿಲ್ಲಲಿ ಅಂತ ಯಾಕ ಅಂದಿ?"

"ನಮ್ಮ ದಾರ್ಯಾಗ ಪಂಚರ್ ಯಾವತ್ತೂ ನಿಲ್ಲಾಂಗಿಲ್ಲ ಅಂತ ತಿಳಕೊಂಡ ಅಂದಿದ್ದೆ."

ಅಲ್ಲಿಯವರೆಗಿನ ನನ್ನ ಸಿಟ್ಟೆಲ್ಲ ಸಿಟ್ಟೇ ಅಲ್ಲ. ನಾಲಿಗೆಗೆ ಬಂದದ್ದೆಲ್ಲ ಅಂದೆ. ತಮ್ಮನ ಹೆಂಡತಿ ನೀರಿನ ತಂಬಿಗೆ ಹಿಡಿದು ಬಂದರೆ, "ನಿನ್ನ ಗಂಡನ ಮನಿ ನೀರ ಸುದ್ದಾ ಬ್ಯಾಡ" ಎಂದೆ. ರೇಣು ಒಳಗೆ ಹೋಗಿ ಚೀಲ ಬೆನ್ನಿಗೇರಿಸಿ, ಹೆಲ್ಮೆಟ್ ಹಾಕಿಕೊಂಡು ಬಂದಳು. "ಅತ್ತೀ, ನಿಮ್ಮ ಮನ್ಯಾಗ ಮಲಕೋತೀನಿ" ಎಂದು ಸೈಕಲ್ ಏರಿದಳು. ಅವಳವ್ವ ರೊಟ್ಟಿ ಬುತ್ತಿ ಹಿಡಿದು ರಸ್ತೆಯವರೆಗೂ ಓಡಿದಳು. ಮಲ್ಲಪ್ಪ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

ನಾನು ವಿಜಯಪುರದ ಬಸ್ಸು ಹಿಡಿದೆ. ಕಂಡಕ್ಟರ್ ಆಧಾರ್ ನೋಡಿ, ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟ. ಊರು ದಾಟಿ ಸ್ವಲ್ಪ ದೂರ ಹೋದ ಮೇಲೆ ಮೊದಲು ಮಲ್ಲಪ್ಪನ ಮೋಟರ್ ಸೈಕಲ್ ಕಂಡಿತು. ಆ ಬಿಳಿ ಕಲೆಯ ಅಂಗಿಯಲ್ಲೇ ನಿಧಾನ ಹೋಗುತ್ತಿದ್ದ. ಬಸ್ಸಿನ ಕಿಟಕಿಯಲ್ಲಿ ನನ್ನನ್ನು ಕಂಡು ಕೈ ಎತ್ತಿದ. ನಾನು ಎತ್ತಲಿಲ್ಲ. ಅವನಿಗಿಂತ ಬಹಳ ಮುಂದೆ ರೇಣು ಬಗ್ಗಿ ಪೆಡಲು ತುಳಿಯುತ್ತಿದ್ದಳು. ಅವಳು ಎಲ್ಲಾದರೂ ನಿಲ್ಲಲಿ ಎಂದು ಅವನು ಹಿಂದೆ ಹೊರಟಿದ್ದನೋ, ನಿಂತರೆ ಜೊತೆಗಿರಲಿ ಎಂದು ಹೊರಟಿದ್ದನೋ, ನನಗೆ ಇಂದಿಗೂ ಗೊತ್ತಿಲ್ಲ.

ರೇಣು ನಿಲ್ಲಲಿಲ್ಲ.