ಗಣತಿ ಹಾಳೆಯ ಒಂದು ತಪ್ಪು ಸಾಲು

ಹೋದ ತಿಂಗಳ ಎರಡನೇ ಭಾನುವಾರ, ಬೆಳಿಗ್ಗೆ ಹತ್ತೂವರೆ, ಕೊಳ್ಳೇಗಾಲದ ಒಂದು ಶಾಲಾ ಕೊಠಡಿ. ಬಂದವರು ಮೂವತ್ತು ಜನರಿರಬಹುದು. ಇಲ್ಲಿ ಬೇಕಾದವರು ನಾಲ್ವರು: ಸಭೆ ಕರೆದ ಯಳಂದೂರಿನ ಕಾಲೇಜು ಮೇಷ್ಟ್ರು, ಬೆಟ್ಟದ ಪೋಡಿನಿಂದ, ಅಂದರೆ ಕಾಡಿನ ಹಾಡಿಯಿಂದ, ಬಂದ ಸೋಲಿಗ ಹಿರಿಯರು, ಹನೂರಿನಲ್ಲಿ ಹೈಸ್ಕೂಲ್ ಟೀಚರಾಗಿರುವ ನನ್ನ ಹಳೆಯ ವಿದ್ಯಾರ್ಥಿನಿ, ಮತ್ತು ನಾನು, ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ.

ವಿಷಯ ಒಂದೇ. ಹಳೆಯ ಜನಗಣತಿಯಲ್ಲಿ ಮನೆಮನೆಗೂ ಬರೆದ ಹಾಳೆಗಳನ್ನು ವಂಶವೃಕ್ಷ ಹುಡುಕುವವರಿಗೆ ತೆರೆಯಬೇಕೆಂದು ಸರ್ಕಾರಕ್ಕೆ ಮನವಿ ಕಳಿಸುವುದು. ಆ ಹಾಳೆಗಳನ್ನು ಯಾರಿಗೂ ತೋರಿಸಬಾರದೆಂದು ಕಾನೂನಿದೆ ಎಂದು ವಕೀಲರೊಬ್ಬರು ಎದ್ದು ಹೇಳಿದರು. ಹಾಳೆಗಳು ಉಳಿದಿವೆಯೋ ಗೆದ್ದಲು ತಿಂದಿದೆಯೋ ಮೊದಲು ವಿಚಾರಿಸಿ ಎಂದು ಇನ್ನೊಬ್ಬರು ನಗಾಡಿದರು. ಸೋಲಿಗ ಹಿರಿಯರು ನಗಲಿಲ್ಲ. ಕಾಡಿನ ಜಮೀನಿನ ಹಕ್ಕಿಗೆ ಅರ್ಜಿ ಹಾಕಿದಾಗಲೆಲ್ಲ ತಾತ ಎಲ್ಲಿದ್ದ ಎಂಬುದಕ್ಕೆ ದಾಖಲೆ ಕೇಳುತ್ತಾರಂತೆ.

"ನಿಮ್ ತಾವ ಕಾಗ್ದ ಜಾಸ್ತಿ ಅವೆ ಸಾ, ಅದ್ಕೇ ಮುಚ್ಚಿಡಿ ಅಂತೀರಿ. ನಮ್ ತಾವ ಒಂದೂ ಇಲ್ಲ" ಎಂದು ವಕೀಲರಿಗೆ ಹೇಳಿ ಕುಳಿತರು.

ಆಮೇಲೆ ಯಾರೂ ನಗಲಿಲ್ಲ. ಕಾಲೇಜು ಮೇಷ್ಟ್ರು ಮನವಿಯ ಹಾಳೆಯನ್ನು ನನ್ನ ಮುಂದಿಟ್ಟು, ಇಲ್ಲಿ ಗಣತಿ ಮಾಡಿದವರು ನೀವೊಬ್ಬರೇ, ಮೊದಲ ಸಹಿ ನಿಮ್ಮದಾಗಲಿ ಎಂದರು. ಟೀಚರಮ್ಮ ಹಿಂದಿನ ಬೆಂಚಿನಿಂದ ಉತ್ಸಾಹದಲ್ಲಿ ಕೂಗಿ ಹೇಳಿದಳು: "ಕೌದಳ್ಳೀಲಿ ನಮ್ಮ ಅಜ್ಜಿ ಮನೆ ಬರೆದೋರೂ ಇವರೇ. ನಮ್ಮ ತಾತನ ಹೆಸರು ಸಾರ್ ಅಕ್ಷರದಲ್ಲೇ ಇರುತ್ತೆ."

ಇರುವುದಿಲ್ಲ. ಅದು ಗೊತ್ತಿದ್ದವನು ಆ ಕೊಠಡಿಯಲ್ಲಿ ನಾನೊಬ್ಬನೇ.

ಆ ಗಣತಿಗೆ ಹೋದಾಗ ನನಗೆ ಇಪ್ಪತ್ತೆರಡು ವರ್ಷ. ಅವಳ ಅಜ್ಜಿ ಹೊಸದಾಗಿ ಮದುವೆಯಾಗಿ ಬಂದಿದ್ದ ಹೆಂಗಸು. ಗಂಡನ ಹೆಸರು ಕೇಳಿದೆ. ಆಗ ಹೆಂಗಸರು ಗಂಡನ ಹೆಸರು ಬಾಯಲ್ಲಿ ಹೇಳುತ್ತಿರಲಿಲ್ಲ. ಆಕೆ ಗದ್ದ ಎತ್ತಿ ಅಂಗಳದ ಕಡೆ ತೋರಿಸಿದಳು. ಅಲ್ಲಿ ಸೌದೆ ಒಡೆಯುತ್ತಿದ್ದವನು ತನ್ನ ಹೆಸರು ಹೇಳಿದ. ಯಜಮಾನನ ಸಾಲಿನಲ್ಲಿ ಅವನನ್ನು ಬರೆದೆ, ಅದರ ಕೆಳಗೆ ಆಕೆಯನ್ನು ಬರೆದು, ಸಂಬಂಧ ಎಂಬಲ್ಲಿ 'ಹೆಂಡತಿ' ಎಂದು ತುಂಬಿದೆ. ಅವನು ಆಕೆಯ ಬಾವ, ಗಂಡನ ಅಣ್ಣ. ಅವನನ್ನು ಕೇಳಿಕೊಳ್ಳಿ ಎಂದು ಆಕೆ ತೋರಿಸಿದ್ದಳು. ಗಂಡ ಬಿದಿರು ಕಡಿಯಲು ಕಾಡಿಗೆ ಹೋಗಿದ್ದ. ನನ್ನ ಹಾಳೆಯಲ್ಲಿ ಅವನು ಹುಟ್ಟಿಯೇ ಇಲ್ಲ. ಎರಡು ತಿಂಗಳ ಮೇಲೆ ಅವನನ್ನು ಅಣ್ಣನ ಜೊತೆಯಲ್ಲೇ ಸಂತೆಯಲ್ಲಿ ಕಂಡಾಗ ತಪ್ಪು ತಿಳಿಯಿತು. ಅಷ್ಟರಲ್ಲಿ ಗಣತಿ ಹಾಳೆಗಳ ಪುಸ್ತಕ ಕಚೇರಿಗೆ ಹೋಗಿತ್ತು. ಒಂದು ಚಿತ್ತೂ ಇಲ್ಲದ ಪುಸ್ತಕವೆಂದು ಮೇಲಿನವರು ಅದನ್ನು ಉಳಿದ ಮೇಷ್ಟ್ರುಗಳಿಗೆ ಮಾದರಿಯಾಗಿ ತೋರಿಸಿದ್ದರು. ನಾನು ಬಾಯಿ ಮುಚ್ಚಿಕೊಂಡೆ.

ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಗಂಡ ಬೇಗ ತೀರಿಕೊಂಡ. ಆಕೆ ಬಾವನ ಮನೆಯ ಪಕ್ಕದಲ್ಲೇ ಉಳಿದು ಮಗನನ್ನು ಸಾಕಿದಳು. ಊರು ಸುಮ್ಮನಿರಲಿಲ್ಲ, ಆ ಮಗು ಬಾವನದೇ ಎಂದಿತು. ಹಾಳೆ ತೆರೆದರೆ ಆ ಸುಳ್ಳಿಗೆ ನನ್ನ ಅಕ್ಷರವೇ ಸಾಕ್ಷಿ. ಮುಚ್ಚಿಟ್ಟರೆ ಪೋಡಿನವರ ಕೈ ಬರಿದು.

ಸಹಿ ಹಾಕಲಿಲ್ಲ. ಸಂಜೆಯೊಳಗೆ ತಿಳಿಸುತ್ತೇನೆಂದು ಹಾಳೆಯನ್ನು ಮಡಿಸಿ ಜೇಬಿಗಿಟ್ಟೆ. ಒಂದು ಗಂಟೆಯ ಕೌದಳ್ಳಿ ಬಸ್ಸಿಗೆ ಟೀಚರಮ್ಮನನ್ನೂ ಹತ್ತಿಸಿಕೊಂಡೆ. ಹನೂರು ದಾಟುವವರೆಗೆ ಏಕೆ ಸಹಿ ಹಾಕಲಿಲ್ಲವೆಂದು ಅವಳು ಮೂರು ಸಲ ಕೇಳಿದಳು. ಅಜ್ಜಿಯ ಎದುರಿಗೇ ಹೇಳುತ್ತೇನೆಂದೆ.

ಅಜ್ಜಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಮೊಮ್ಮಗಳನ್ನು ಒಳಗೆ ಕಳಿಸಲೇ ಎಂದೆ. "ಇರ್ಲಿ ಬುಡಿ, ಅವ್ಳೂ ಕೇಳ್ಲಿ" ಎಂದರು. ನಿಂತುಕೊಂಡೇ ಎಲ್ಲ ಹೇಳಿದೆ. ಸುಲಿಯುವ ಕೈ ನಿಂತಿತು.

ಮೊದಲು ಮಾತಾಡಿದವಳು ಮೊಮ್ಮಗಳು. "ನಾವು ಒಂದು ಒತ್ತಕ್ಷರ ಬಿಟ್ಟರೆ ಹತ್ತು ಸಲ ಬರೆಸ್ತಿದ್ರಿ ಸಾರ್."

ಹೌದೆಂದೆ.

"ಊರೋರ ಬಾಯ್ಗೆ ಇಷ್ಟು ವರ್ಷ ಉತ್ರ ಕೊಟ್ಟಿವ್ನಿ ಮೇಷ್ಟ್ರೇ" ಎಂದರು ಅಜ್ಜಿ. "ನನ್ ಎದ್ರುಗ್ ನಿಂತ್ಕಂಡ್ ಅಂದ್ರೆ ನಾನೂ ಅಂತೀನಿ. ಕಾಗ್ದದ್ ಜತೆ ಎಂಗ್ ಜಗಳ ಆಡ್ಲಿ?"

ಹಾಗಾದರೆ ಹಾಳೆ ಮುಚ್ಚಿಯೇ ಇರಲಿ ಎಂದು ಬರೆಯಲೇ ಎಂದು ಕೇಳಿದೆ. ಪೋಡಿನವರ ಮಾತನ್ನೂ ಹೇಳಿದೆ, ಮರೆಮಾಚಲಿಲ್ಲ. ಅಜ್ಜಿ ಸಿಪ್ಪೆಯನ್ನೆಲ್ಲ ಒಂದು ಕಡೆ ಒತ್ತಿದರು. ಕಾಡಿನವರ ಕಾಗದ ಕಾಡಿನವರಿಗೆ ಕೊಡಲಿ, ತನ್ನ ಮನೆಯದನ್ನು ಕಂಡೋರ ಕೈಗೆ ಕೊಡಬಾರದು, ತಾನು ಸತ್ತ ಮೇಲೆ ಏನಾದರೂ ಮಾಡಿಕೊಳ್ಳಲಿ ಎಂದರು. ಕೊನೆಗೆ, "ಮೊದ್ಲು ನೀವು ತಪ್ಪು ಬರ್ದಿವ್ನಿ ಅಂತ ಬರ್ಕೊಡಿ. ನಿಮ್ ಅಕ್ಷರ್‌ದಲ್ಲೇ."

ಬರೆದೆ. ಯಾವ ಮನೆ, ಯಾರ ಹೆಂಡತಿ, ತಪ್ಪು ಯಾರದು, ನಾಲ್ಕೇ ಸಾಲು. ಎರಡು ಪ್ರತಿ: ಸರ್ಕಾರಕ್ಕೊಂದು, ತಮಗೊಂದು ಎಂದರು ಅಜ್ಜಿ. ಎರಡು ಸಲ ಓದಿಸಿಕೊಂಡರು. 'ಕಣ್ತಪ್ಪಿನಿಂದ' ಎಂದು ಬರೆದಿದ್ದೆ. ಕಣ್ಣಿನದಲ್ಲ, ಕೇಳದೆ ಬರೆದದ್ದು ಎಂದು ತಿದ್ದಿಸಿದರು. ಹೆಬ್ಬೆಟ್ಟು ಒತ್ತಿದರು. ಮೊಮ್ಮಗಳು ಸಾಕ್ಷಿ ಹಾಕಿದಳು. ನನ್ನ ಮುಖ ನೋಡಲಿಲ್ಲ.

ಆಮೇಲೆ ಮನವಿಯ ಹಾಳೆ ತೆಗೆದೆ. ದಾಖಲೆ ಬೇಕಾದವರಿಗೆ ಅವರವರ ಮನೆಯ ಸಾಲನ್ನು ಮಾತ್ರ ಕೊಡುವುದು. ಆ ಸಾಲಿನಲ್ಲಿರುವವರು ಬದುಕಿದ್ದರೆ ಅವರನ್ನು ಕೇಳಿಯೇ ಕೊಡುವುದು. ತಪ್ಪಿದ್ದರೆ ತಿದ್ದುಪಡಿಯನ್ನು ಜೊತೆಗೇ ಇಡುವುದು ಎಂದು ಕೆಳಗೆ ಸೇರಿಸಿದೆ. ಫೋನಿನಲ್ಲಿ ಓದಿ ಹೇಳಿದಾಗ ಕಾಲೇಜು ಮೇಷ್ಟ್ರಿಗೆ ಸಿಟ್ಟು ಬಂತು. ಇಷ್ಟೆಲ್ಲ ಷರತ್ತು ಹಾಕಿದರೆ ಯಾರು ಸಹಿ ಮಾಡುತ್ತಾರೆ ಎಂದರು. ಸೋಲಿಗ ಹಿರಿಯರು ಅವರ ಪಕ್ಕದಲ್ಲೇ ಇದ್ದರಂತೆ. ನಮ್ಮ ಸಾಲು ನಮಗೆ ಸಿಕ್ಕಿದರೆ ಸಾಕು, ನಾನು ಸಹಿ ಹಾಕುತ್ತೇನೆ ಎಂದು ಅವರು ಅಂದದ್ದು ನನಗೂ ಕೇಳಿಸಿತು.

ಐದೂಕಾಲಿಗೆ ಮನವಿಗೆ ಸಹಿ ಹಾಕಿ, ತಪ್ಪೊಪ್ಪಿಗೆಯ ಒಂದು ಪ್ರತಿಯನ್ನು ಅದರ ಹಿಂದೆ ಪಿನ್ನು ಮಾಡಿದೆ. ಇನ್ನೊಂದನ್ನು ಅಜ್ಜಿಯ ಕೈಗೆ ಕೊಟ್ಟೆ.