ಒಂದೇ ತಟ್ಟೆಯಲ್ಲಿ ತೇಲಿದ ಬೇರಿನ ಬಿಲ್ಲೆಗಳು

ಆ ಸ್ಲೈಡಿನೊಳಗಿನ ಬೇರನ್ನು ಕೊಯ್ದದ್ದು ಅವ್ವ ಎಂದೇ ಹನ್ನೊಂದು ವರ್ಷ ನಂಬಿದ್ದೆ.

ಬಿ.ಎಸ್ಸಿ. ಕೊನೆಯ ವರ್ಷ. ಸಸ್ಯಶಾಸ್ತ್ರದ ಪ್ರಾಕ್ಟಿಕಲ್‌ಗೆ ನಾವೇ ಅಡ್ಡಲಾಗಿ, ತೆಳ್ಳಗೆ ಕೊಯ್ದ ಬೇರಿನ ಸ್ಲೈಡ್ ಒಪ್ಪಿಸಬೇಕಿತ್ತು. ನನ್ನ ಬಿಲ್ಲೆಗಳು ದಪ್ಪ, ಬೆಳಕೇ ಹಾಯುತ್ತಿರಲಿಲ್ಲ. ಹಿಂದಿನ ಸಂಜೆ ನಮ್ಮೂರು ಬಾಗಳಿಯ ಹೊಲದಿಂದ ಮೆಕ್ಕೆಜೋಳದ ಎಳೆಬೇರು ಕಿತ್ತು ತಂದು, ಅಡುಗೆಮನೆಯಲ್ಲಿ ಬ್ಲೇಡ್ ಹಿಡಿದು ಕೂತೆ. ಅವ್ವ ಈಳಿಗೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು.

“ಏ ಯವ್ವಾ, ಕಟಗಿ ಒಡ್ಯಾಕತ್ತೀ ಏನು? ಒತ್ತಬ್ಯಾಡ, ಎಳಿ. ಬ್ಲೇಡು ನೀರಾಗ ಅದ್ದಿ ಹಸಿ ಇರ್ಲಿ,” ಎಂದಳು.

ಜೋಳದ ದಂಟಿನ ಮೆತ್ತನೆಯ ಬೆಂಡನ್ನು ಸೀಳಿ, ನಡುವೆ ಬೇರಿಟ್ಟು ತಾನೇ ಕೊಯ್ದಳು. “ತಗಾ, ಹಪ್ಪಳ!” ಆಮೇಲೆ ನಾನು, ಮತ್ತೆ ಅವಳು. ಎಲ್ಲವೂ ಒಂದೇ ತಟ್ಟೆಯ ನೀರಿಗೆ ಬಿದ್ದವು. ಅತಿ ತೆಳುವಾದದ್ದನ್ನು, ಅದು ಅವ್ವನದೇ ಇರಬೇಕೆಂದುಕೊಂಡು, ಆರಿಸಿ, ಬೆಳಿಗ್ಗೆ ಕಾಲೇಜಿನಲ್ಲಿ ಬಣ್ಣ ಹಾಕಿ, ಕೆಡದಂತೆ ಗಾಜಿನ ನಡುವೆ ಅಂಟಿಸಿದೆ.

“ನೀನೇ ಕೊಯ್ದಿದ್ದಾ?” ಎಂದರು ಪರೀಕ್ಷಕರು.

“ಹೌದು ಸರ್.”

ಅಂದಿನ ಡೈರಿಯಲ್ಲಿ ‘ಬೇರು ಚೆನ್ನಾಗಿ ಬಂತು’ ಎಂದಷ್ಟೇ ಇದೆ. ಅವ್ವನ ಸುದ್ದಿಯೇ ಇಲ್ಲ. ಬರೆಯದೆ ಬಿಟ್ಟದ್ದನ್ನೇ ನನ್ನ ಸುಳ್ಳಿಗೆ ಸಾಕ್ಷಿ ಎಂದುಕೊಂಡಿದ್ದೆ.

ನಾನೀಗ ಹರಪನಹಳ್ಳಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಹೋದ ತಿಂಗಳು ಸಂತೆಗೆ ಬಂದ ಅವ್ವ, ಬಸ್ಸಿಗೆ ಹೊತ್ತಿದೆಯೆಂದು ನಮ್ಮ ಲ್ಯಾಬಿಗೆ ಬಂದಳು. ಪರೀಕ್ಷೆಯ ನಂತರ ವಾಪಸು ಪಡೆದು ಇಟ್ಟುಕೊಂಡಿದ್ದ ಆ ಸ್ಲೈಡನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟೆ.

“ಅವ್ವಾ, ಇದು ನೀ ಕೊಯ್ದಿದ್ದು. ನಂದು ಅಂತ ಸುಳ್ಳು ಹೇಳೀನಿ.”

ಅವಳು ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಬಗ್ಗಿದಳು. ಹೊರಗಿನ ಸಿಪ್ಪೆ, ಅದರೊಳಗೆ ಸಡಿಲವಾದ ದುಂಡು ಕೋಶಗಳು, ನೀರು ದಾಟಿಯೇ ಹೋಗಬೇಕಾದ ಒಂದೇ ಸಾಲು ಕೋಶಗಳ ಬಳೆ, ಬಳೆಯೊಳಗೆ ಸುತ್ತಲೂ ನೀರೇರುವ ಕೆಂಪು ಕೊಳವೆಗಳ ಅಗಲ ಬಾಯಿಗಳು, ನಟ್ಟನಡುವೆ ತಿರುಳು. ಒಂದೊಂದಾಗಿ ಹೇಳಿದೆ.

“ಎಷ್ಟು ಚಂದ ಹೆಣೆದಂಗೈತಿ! ಈ ಕಡಿ ಯಾಕ ಕಪ್ಪಗೈತಿ?”

“ಅಲ್ಲಿ ದಪ್ಪ ಆಗೈತಿ.”

ಅವ್ವ ನಕ್ಕಳು. “ಹಂಗಾರ ನಂದಲ್ಲ ಬಿಡು. ಒಂದ್ ಕಡಿ ದಪ್ಪ, ಒಂದ್ ಕಡಿ ತೆಳ್ಳಗ. ಇವತ್ತಿಗೂ ನೀ ಸೌತಿಕಾಯಿನೂ ಹಿಂಗ ಹೆಚ್ಚೋದು!”

“ಖರೇ ಹೇಳವ್ವಾ, ನನ್ನ ಸಮಾಧಾನಕ್ಕ ಅನ್ನಬ್ಯಾಡ.”

“ಬಸ್ಸಿನ ಹೊತ್ತಾತು,” ಎಂದು ಚೀಲ ಎತ್ತಿಕೊಂಡಳು.

ಅವಳನ್ನು ಬಸ್ ಹತ್ತಿಸಿ ಬಂದು ಮತ್ತೆ ಕಣ್ಣಿಟ್ಟೆ. ಒಂದು ಕಡೆ ದಪ್ಪವಾಗಿರುವುದು ನಿಜ. ಆದರೆ ಬ್ಲೇಡಿನಲ್ಲಿ ಬೇರು ಕೊಯ್ದದ್ದು ಅವ್ವನಿಗೂ ಅಂದೇ ಮೊದಲು; ಅವಳ ಬಿಲ್ಲೆಯೂ ಹೀಗೆ ಒಂದು ಕಡೆ ದಪ್ಪವಾಗಿರಬಹುದು. ಸ್ಲೈಡಿನ ಚೀಟಿಯಲ್ಲಿದ್ದ ನನ್ನ ಹೆಸರನ್ನು ಅಳಿಸಲಿಲ್ಲ. ಅದರ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ‘ಅವ್ವ’ ಎಂದು ಸೇರಿಸಿದೆ.